ಶೇಕಡಾ ಹತ್ತು

ಮುಂದಿನ ಎರಡು ಹಲ್ಲು ಹೋದ ವರ್ಷವೇ
ಲೂರ್ದಮ್ಮನ ಟ್ರಂಪೆಟ್ಟು ಗೋಡೆಗೆ ಹೋಯಿತು.
ಕಟ್ಟಿಸಿದ ಹಲ್ಲಲ್ಲಿ ರೊಟ್ಟಿ ಮುರಿಯಬಹುದು,
ತುಟಿ ನಿಲ್ಲುವುದಿಲ್ಲ.
ಅದೇ ವರ್ಷ ಅರಸೀಕೆರೆಯ ಮದುವೆಗಳೆಲ್ಲ
ಲಾರಿ ತುಂಬ ಸ್ಪೀಕರು ತರಿಸಿಕೊಂಡವು.
ಹದಿನಾಲ್ಕು ಕೆಂಪು ಕೋಟು, ಜರಿ ಕಿತ್ತ ಟೋಪಿ,
ನುಸಿಗುಳಿಗೆ ಹಾಕಿ ಟ್ರಂಕು ಮುಚ್ಚಿದೆವು.
ನಾನು ಸೈಡ್ ಡ್ರಮ್ಮಿನವನು.
ಈಗ ಓಮ್ನಿ ಓಡಿಸುತ್ತೇನೆ.

ಆ ಹುಡುಗಿ ಸಿಕ್ಕಿದ್ದು ಗ್ಯಾಸ್ ಏಜೆನ್ಸಿಯಲ್ಲಿ.
ಟೋಕನ್ ಕೂಗುವ ಕೆಲಸ.
‘ನಲವತ್ತೇಳು’ ಅಂದಳು.
ನಮ್ಮದು ಐವತ್ತೆರಡು.
ಐವತ್ತೆರಡು ಬಂತು, ಹೋಯಿತು;
ಎಪ್ಪತ್ತರವರೆಗೂ ಲೂರ್ದಮ್ಮ ಬೆಂಚು ಬಿಟ್ಟು ಏಳಲಿಲ್ಲ,
ಸೆರಗಿನೊಳಗೆ ಬೆರಳು ಮಾತ್ರ
ಇಲ್ಲದ ಮೂರು ಗುಂಡಿ ಒತ್ತುತ್ತಿತ್ತು.
ಅವತ್ತು ರಾತ್ರಿ ಸೌದೆ ಒಲೆಯ ಅಡುಗೆ.

ಬಾಣಾವರದ ಟೈಲರ್ ಮಗಳು, ಸುಪ್ರಜಾ.
ಅಪ್ಪನ ಮುಂದೆ ಹಾಡಿನ ಮಾತೇ ಎತ್ತಲಿಲ್ಲ ಇವರು.
‘ಅಲ್ಲಿ ತಿಂಗಳಿಗೆ ಎಷ್ಟು ಕೊಡ್ತಾರೋ ಅಷ್ಟು ನಾನು ಕೊಡ್ತೀನಿ,
ಮೇಲೆ ಬಂದಿದ್ದರಲ್ಲಿ ನಂಗೆ ನೂರಕ್ಕೆ ಇಪ್ಪತ್ತು,
ಮಿಕ್ಕಿದ್ದು ಅವಳ ಪಾಸ್‌ಬುಕ್ಕಿಗೆ.
ಎಷ್ಟು ಹೊತ್ತಾಗಲಿ, ನಿಮ್ಮನೆ ಬಾಗಿಲು ತೆಗೆಯೋವರೆಗೂ
ನಮ್ಮ ಗಾಡಿ ಲೈಟು ಆರಲ್ಲ.’
ಅಪ್ಪ ಕತ್ತರಿ ಕೆಳಗಿಟ್ಟ.

ಮೊದಲ ಪಾಠ ಸರಿಗಮ ಅಲ್ಲ.
ಮುಂಗಡ ಕೈಗೆ ಬರದೆ ಚಪ್ಪಲಿ ಮೆಟ್ಟಬಾರದು.
ಸ್ಟೇಜಿನ ಹಿಂದೆ ಯಾರು ಕೊಟ್ಟ ಜ್ಯೂಸೂ ಕುಡಿಯಬಾರದು,
ಸಂಘದ ಅಧ್ಯಕ್ಷರ ಮಗ ಕೊಟ್ಟರಂತೂ.
ಆಮೇಲೆ ಉಸಿರು.
ಪ್ಲಾಟ್‌ಫಾರಮ್ಮಿನ ತುದಿಗೆ ನಿಲ್ಲಿಸಿ
ಗೂಡ್ಸು ದಾಟುವ ತನಕ ಒಂದೇ ‘ಆ’ ಹಿಡಿಸುತ್ತಿದ್ದರು.
ಐವತ್ತೆಂಟು ವ್ಯಾಗನ್ನು. ಮೊದಲ ದಿನ
ಹನ್ನೊಂದಕ್ಕೇ ಕೆಮ್ಮಿದಳು.
‘ಗಂಟಲಲ್ಲಿ ಏನು ಹುಡುಕ್ತೀಯ, ಅಲ್ಲೇನೂ ಇಲ್ಲ.
ಊದೋರ ಬುದ್ಧಿ ಹೊಟ್ಟೇಲಿರುತ್ತೆ.’
ಇವತ್ತಿಗೂ ಮೂವತ್ತೊಂಬತ್ತು ದಾಟಿಲ್ಲ.
ಎಣಿಸುವುದು ನನ್ನ ಕಸುಬು.

ಜಾವಗಲ್ಲು, ಗಂಡಸಿ, ಕಡೂರು, ಮತ್ತೆ ಜಾವಗಲ್ಲು.
‘ಚೆನ್ನಾಗಿತ್ತು’ ಅಂದಿದ್ದು ನಾನು ಕೇಳಿಲ್ಲ.
ಹಾಡು ಒಪ್ಪಿದ ರಾತ್ರಿ ನನ್ನ ಕಡೆ ತಿರುಗಿ
‘ಅವಳಿಗೊಂಚೂರು ಬಿಸಿನೀರು ಕೊಡು’ ಅಂತಾರೆ.
ಒಪ್ಪದ ರಾತ್ರಿ ಫ್ಲಾಸ್ಕು ಅವರ ತೊಡೆಯ ಮೇಲೇ ಇರುತ್ತದೆ.
ಹುಡುಗಿಗೆ ಇದು ಎರಡೇ ವಾರದಲ್ಲಿ ತಿಳಿಯಿತು,
ನನಗೆ ಆರು ತಿಂಗಳು ಹಿಡಿಯಿತು.

ಒಂದು ಹಳೆ ನೋಟುಬುಕ್ಕಿದೆ ಅವರ ಹತ್ತಿರ.
ಹೆಂಗಸು ಮುಂದೆ ನಿಂತು ಊದಿದರೆ ಮುಹೂರ್ತ ಕೆಡುತ್ತೆ ಅಂತ
ಅರ್ಧ ದುಡ್ಡು ಹಿಡಿದುಕೊಂಡ ಬೀಗರ ಹೆಸರು,
ಊರು, ತಾರೀಖು.
ಪೂರ್ತಿ ಊದಿ ಅರ್ಧ ಇಸಕೊಂಡ ಮೂವತ್ತೊಂದು ಮದುವೆ.
ಪಾಠದ ಹೊತ್ತಿಗೆ ಅದನ್ನು ಹುಡುಗಿಯಿಂದ ಓದಿಸುತ್ತಾರೆ,
ಕೂಡಿಸು ಅಂತಾರೆ, ಬಡ್ಡಿ ಹಾಕು ಅಂತಾರೆ.

ಹೋದ ಶುಕ್ರವಾರ ಹಾಸನದಿಂದ ಬರುತ್ತ,
ದುದ್ದ ದಾಟಿರಬೇಕು,
ಹಿಂದಿನ ಸೀಟಿಂದ:
‘ಅಮ್ಮಾ, ಲೆಕ್ಕ ಹಾಕಿದೆ. ನಿಮ್ಮ ಇಪ್ಪತ್ತು ಜಾಸ್ತಿಯಾಯ್ತು.
ಹತ್ತು ಮಾಡಿ.’
ನಾನು ಗೇರು ತಪ್ಪಿಸಿದೆ.
‘ಹದಿನೈದು’ ಅಂದರು ಲೂರ್ದಮ್ಮ, ಕಿಟಕಿ ಕಡೆ ನೋಡುತ್ತ.
‘ಹತ್ತು. ಪೆಟ್ರೋಲ್ ನಂದು.’
‘ಹನ್ನೆರಡು.’
‘ಹತ್ತು. ಅಣ್ಣನ ಊಟವೂ ನಂದೇ.’
ಹಾರನಹಳ್ಳಿವರೆಗೂ ಯಾರೂ ಮಾತಾಡಲಿಲ್ಲ.
ಆಮೇಲೆ ಕತ್ತಲೆಯಲ್ಲಿ ಏನೋ ಸೋರುವ ಸದ್ದು.
ಟೈರು ಅಂದುಕೊಂಡೆ.
ಕಟ್ಟಿಸಿದ ಹಲ್ಲು ಬಿಚ್ಚಿ ಕರವಸ್ತ್ರದಲ್ಲಿಟ್ಟುಕೊಂಡು
ಲೂರ್ದಮ್ಮ ನಗುತ್ತಿದ್ದರು,
ಹದಿನಾಲ್ಕು ಜನರ ಬ್ಯಾಂಡು ನಡೆಸಿದಾಗಲೂ ನಾನು ಕೇಳದ ನಗು.
‘ನಿನ್ನ ವಯಸ್ಸಲ್ಲಿ ನಂಗೆ ಈ ಬಾಯಿ ಇದ್ದಿದ್ದರೆ’ ಅಂದರು,
ಮುಗಿಸಲಿಲ್ಲ. ಫ್ಲಾಸ್ಕು ಹಿಂದಕ್ಕೆ ಚಾಚಿದರು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಬರುತ್ತಿತ್ತು.
ಹುಡುಗಿ ಗಾಜು ಸರಿಸಿದಳು.
ನಾನು ಎಣಿಸತೊಡಗಿದೆ.